ಆಯುಧಪೂಜೆಗೆ ತೊಳೆದ ತೊಟ್ಟಿ

ಮೊದಲನೇ ಮಾತು: ಸ್ಯಾಂಪಲ್ ತೆಗೆಯಲು ಹೋಗುವ ದಿನ ಒಳ್ಳೆಯ ಸೀರೆ ಉಡಬೇಡಿ. ನಾನು ಉಡುತ್ತಿದ್ದೆ. ನೀಟಾಗಿರಬೇಕು, ಸೆರಗು ಪಿನ್ ಮಾಡಿರಬೇಕು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಹತ್ತು ವರ್ಷ ಹೇಳಿದ್ದು ತಲೆಯಿಂದ ಇಳಿಯಲೇ ಇಲ್ಲ. ಈಗಲೂ ಬೀರು ತೆಗೆದರೆ ಒಂದೊಂದು ಸೀರೆಯಲ್ಲಿ ಒಂದೊಂದು ಕಾರ್ಖಾನೆ ಕಾಣುತ್ತದೆ. ತಿಳಿಹಳದಿ ವಾಯಿಲ್ ಸೀರೆಯ ಅಂಚಿಗೆ ಶಿರಾದ ಡೈಯಿಂಗ್ ಯೂನಿಟ್ಟಿನ ನೀಲಿ. ಬಿಳಿ ಕಾಟನ್ನಿಗೆ ಪಾವಗಡದ ಕಡಲೆಕಾಯಿ ಎಣ್ಣೆ ಮಿಲ್ಲಿನ ಜಿಡ್ಡು. ಒಂದು ರೇಷ್ಮೆ ಸೀರೆಯ ನೆರಿಗೆಗೆ ಕೊರಟಗೆರೆ ಕಡೆಯ ಪನೀರ್ ಫ್ಯಾಕ್ಟರಿಯ ಕಪ್ಪು. ಡ್ರೈಕ್ಲೀನಿಂಗಿನವನು ಕೈಮುಗಿದು ವಾಪಸ್ ಕೊಟ್ಟ.

ನನ್ನ ಕೆಲಸ ಇಷ್ಟೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕಾರ್ಖಾನೆಗಳು ತಮ್ಮ ಕೊಳೆನೀರನ್ನು ಹೊರಗೆ ಬಿಡುವ ಮೊದಲು ಎಷ್ಟು ಚೊಕ್ಕ ಮಾಡುತ್ತವೆ ಎಂದು ನೋಡುವುದು. ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬರುವುದು, ತುಮಕೂರಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು, ನೋಟ್ ಬರೆಯುವುದು. ಜನರ ಬಾಯಲ್ಲಿ ನಾನು ‘ಬಾಟ್ಲಿ ಮೇಡಮ್ಮು’. ಜೀಪ್ ಕೆಟ್ಟ ದಿನ ಐಸ್ ಬಾಕ್ಸ್ ಹಿಡಿದುಕೊಂಡು ಶಿರಾ ಬಸ್‌ಸ್ಟ್ಯಾಂಡಿಗೆ ಬಂದರೆ, ಅಲ್ಲಿ ಹಣ್ಣು ಮಾರುವ ಸಾಬರು ದೊಡ್ಡ ದನಿಯಲ್ಲಿ, "ಬಾಟ್ಲಿ ಮೇಡಮ್ಗೆ ಜಾಗ ಬಿಡ್ರೀ" ಎನ್ನುತ್ತಿದ್ದರು. ಗುರುತಿಲ್ಲದ ಹೆಂಗಸರು ನನ್ನನ್ನೂ ಬಾಕ್ಸನ್ನೂ ನೋಡಿ ಸೆರಗು ಮೂಗಿಗೆ ಹಿಡಿದು ಸರಿದು ಕೂರುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಸಿಕ್ಕ ಮರ್ಯಾದೆ ಅದು.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿ, ಫೀಲ್ಡಿನಲ್ಲಿ ಯಾವ ಯಾವ ಮಿಸ್ಟೇಕ್ ಮಾಡಬಾರದು ಮೇಡಂ ಎಂದು ಕೇಳಿದಳು. ಸರಿಯಾದವರನ್ನೇ ಕೇಳಿದೆ ಮಗು ಎಂದೆ. ನನ್ನ ಮಿಸ್ಟೇಕ್‌ಗಳಲ್ಲಿ ಒಂದರಿಂದ ಕೆಂಚಮ್ಮ ಎಂಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ಆದರೆ ನೇರ ಅಲ್ಲಿಗೆ ಹೋದರೆ ನಾನು ಎಂಥ ಆಫೀಸರ್ ಆಗಿದ್ದೆ ಎಂದು ನಿಮಗೆ ತಿಳಿಯುವುದಿಲ್ಲ. ಹಾಗಾಗಿ ಮೊದಲು ಪಾವಗಡ.

ಸೇರಿದ ಹೊಸತು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಆಮೇಲೆ ತುಂಬಿಸಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಎಣ್ಣೆ ಮಿಲ್ಲಿನಲ್ಲೂ ಹಾಗೇ ಮಾಡಿದೆ. ಎಣ್ಣೆ ಅಳೆಯುವ ಸ್ಯಾಂಪಲ್ಲಿಗೆ ಮಾತ್ರ ಹಾಗೆ ಮಾಡಬಾರದು. ಗಲಬರಿಸಿದಷ್ಟೂ ಎಣ್ಣೆ ಗಾಜಿಗೆ ಅಂಟಿ ರಿಸಲ್ಟ್ ಏರುತ್ತದೆ. ನನ್ನ ರಿಪೋರ್ಟ್ ನಂಬಿದರೆ ಆ ಮಿಲ್ಲಿನವರು ಎಣ್ಣೆ ಮಾರುತ್ತಲೇ ಇರಲಿಲ್ಲ, ಎಲ್ಲ ಚರಂಡಿಗೇ ಸುರಿಯುತ್ತಿದ್ದರು. ಮಾಲೀಕರು ರಿಪೋರ್ಟ್ ಹಿಡಿದು ಆಫೀಸಿಗೆ ಬಂದರು. ಸಿಟ್ಟು ಮಾಡಲಿಲ್ಲ. "ಇಷ್ಟೆಣ್ಣೆ ನಮ್ ಮಿಷಿನ್ನಿಂದಾನೇ ಬರಲ್ಲ ಮೇಡಂ. ನಿಮ್ ಬಾಟ್ಲಿ ಎಲ್ಲಿ ಸಿಗ್ತವೆ ಹೇಳಿ, ನಮ್ಗೂ ಎರಡು ಬೇಕು" ಎಂದರು. ನಾನು ಸಾರಿ ಹೇಳಿ, ಮಾರನೇ ದಿನವೇ ಹೋಗಿ ಮತ್ತೆ ಸ್ಯಾಂಪಲ್ ತಂದೆ. ಸಾರಿ ಹೇಳುವುದನ್ನು ಮಾತ್ರ ಸಿಸ್ಟರ್‌ಗಳು ಚೆನ್ನಾಗಿ ಕಲಿಸಿದ್ದರು. ಆಫೀಸಿನಲ್ಲಿ ಅದು ಅಷ್ಟೇನೂ ಚಾಲ್ತಿಯಲ್ಲಿರಲಿಲ್ಲ.

ಅದೇ ಪಾವಗಡದಲ್ಲಿ ಕೆಲವು ವರ್ಷಗಳ ನಂತರ ಇನ್ನೊಂದು ಮಿಲ್ಲು. ಹೋದ ಸಲ ಗಬ್ಬಾಗಿದ್ದ ನೀರು ಈ ಸಲ ತಿಳಿಯಾಗಿ ಹರಿಯುತ್ತಿತ್ತು. ನಾನು ಖುಷಿಯಾಗಿ ಬಾಟಲಿ ತುಂಬಿಸುತ್ತಿದ್ದರೆ, ಜೀಪಿನ ಡ್ರೈವರ್ ಹನುಮಂತರಾಯಪ್ಪ ಬಗ್ಗಿ ನೋಡಿ ಮೂತಿ ತಿರುವಿದ. ಅವನು ಕ್ಯಾತಗಾನಚೆರ್ಲು ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಇದು ಮಿಲ್ ನೀರಲ್ಲ, ಬೋರ್ ನೀರು ಸೇರಿಸಿದ್ದಾರೆ ಎಂದ. ಅದು ಹೇಗಪ್ಪ ಹೇಳ್ತೀಯ ಎಂದರೆ, ಬಾಯಿ ತೆರೆದು ಕಂದುಬಣ್ಣದ ಗೆರೆ ಬಿದ್ದ ಹಲ್ಲು ತೋರಿಸಿದ. "ಚೂಡಂಡಿ ಮೇಡಂ. ನಮ್ಮೂರ್ ಬೋರ್ ನೀರಲ್ಲಿ ಏನೈತೆ ಅಂತ ಇಲ್ಲಿ ಬರ್ದೈತೆ." ನನಗೆ ತಲೆಯಲ್ಲಿ ಬಲ್ಬ್ ಹತ್ತಿತು. ಆ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕಡಲೆಕಾಯಿಯಿಂದ ಫ್ಲೋರೈಡ್ ಬರುವುದಿಲ್ಲ. ಲ್ಯಾಬಿನಲ್ಲಿ ಯಾರೂ ಕೇಳದ ಆ ಪರೀಕ್ಷೆಯನ್ನೂ ಮಾಡಿದೆ. ಕೊಳೆ ಹೋಗಿರಲಿಲ್ಲ, ಬೋರ್ ನೀರು ಬೆರೆಸಿ ತೆಳ್ಳಗೆ ಮಾಡಿದ್ದರು, ಅಷ್ಟೇ. ಆ ರಿಪೋರ್ಟಿಗೆ ಹೆಸರು ಬಂದದ್ದು ನನಗೆ, ಹಲ್ಲು ಹನುಮಂತರಾಯಪ್ಪನದು.

ಇನ್ನು ನಮ್ಮ ಸಾಹೇಬರು. ತುಂಬಾ ಒಳ್ಳೆಯವರು, ಆದರೆ ಮೀನು ಕಂಡರೆ ಕರಗಿಬಿಡುತ್ತಿದ್ದರು. ಶಿರಾದ ಒಂದು ಕಾರ್ಖಾನೆಯವರು ಶುದ್ಧ ಮಾಡಿದ ನೀರನ್ನು ಗಾಜಿನ ತೊಟ್ಟಿಯಲ್ಲಿಟ್ಟು ಮೀನು ಬಿಟ್ಟಿದ್ದರು. ಮೀನೇ ಬದುಕಿದೆ ಅಂದಮೇಲೆ ಪ್ರೂಫ್ ಏನು ಬೇಕು ಎನ್ನುವುದು ಅವರ ವಾದ. ಸಾಹೇಬರು ತೊಟ್ಟಿಯ ಮುಂದೆ ಕೈಕಟ್ಟಿ ನಿಂತು, "ನೋಡಿ ಮೇಡಂ, ಎಷ್ಟು ಆಕ್ಟಿವ್ ಆಗಿವೆ" ಎಂದರು. ನನಗೋ ಹೋದ ಸಲ ನೋಡಿದ್ದು ಕಪ್ಪು ಮೀನು ಎಂದು ನೆನಪು, ಈಗಿನವು ಕಿತ್ತಳೆ. ಹೊರಗೆ ಬಂದು ವಾಚ್‌ಮನ್ ಹತ್ತಿರ ಮೆಲ್ಲಗೆ ವಿಚಾರಿಸಿದೆ. ನೀವು ಬರ್ತೀರಿ ಅಂತ ಫೋನ್ ಬಂದಾಗೆಲ್ಲ ಹೊಸ ಮೀನು ತರ್ತಾರೆ ಎಂದು ಅವನು ಸಹಜವಾಗಿಯೇ ಹೇಳಿದ. "ಎರಡ್ ದಿನ ಬದುಕಿದ್ರೆ ಜಾಸ್ತಿ, ಬೇಚಾರಾ." ಜೀಪಿನಲ್ಲಿ ಸಾಹೇಬರಿಗೆ ಹೇಳಿದೆ. ಆಫೀಸಿಗೆ ಬಂದವರೇ, ಇನ್ನು ಮುಂದೆ ಯಾವ ಕಾರ್ಖಾನೆಗೂ ಮೊದಲೇ ತಿಳಿಸಿ ಹೋಗುವಂತಿಲ್ಲ ಎಂದು ಆರ್ಡರ್ ಮಾಡಿದರು.

ಈಗ ಮೀನಿನ ಕಾಲ ಹೋಯಿತು, ಸೆನ್ಸರ್ ಬಂದಿದೆ. ಕಾರ್ಖಾನೆಯ ಪೈಪಿನಲ್ಲಿ ಕೂತ ಸೆನ್ಸರ್ ನಿಮ್ಮ ಫೋನಿಗೇ ನಂಬರ್ ಕಳಿಸುತ್ತದೆ. ಒಳ್ಳೆಯದೇ. ಆದರೆ ನನ್ನ ಸರ್ವಿಸಿನ ಕೊನೆಯ ದಿನಗಳಲ್ಲಿ ಒಂದು ಸೆನ್ಸರ್ ವಾರಗಟ್ಟಲೆ ಒಂದೇ ನಂಬರ್ ಕಳಿಸುತ್ತಿತ್ತು. ಹೋಗಿ ನೋಡಿದರೆ ಅದನ್ನು ಪೈಪಿನಿಂದ ಕಿತ್ತು, ಒಂದು ಬಕೆಟ್ ಒಳ್ಳೆಯ ನೀರಿನಲ್ಲಿ ಅದ್ದಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಮೇಲೆ ತಟ್ಟೆ ಮುಚ್ಚಿ, ಗಾಳಿಗೆ ಹಾರದ ಹಾಗೆ ಕಲ್ಲು ಇಟ್ಟಿದ್ದರು. ಅಷ್ಟು ಜತನವನ್ನು ಕೊಳೆನೀರಿಗೆ ತೋರಿಸಿದ್ದರೆ ಸೆನ್ಸರ್ರೇ ಬೇಕಾಗಿರಲಿಲ್ಲ. ನಂಬರ್ ಅಲ್ಲಾಡದಿದ್ದರೆ ಎದ್ದು ಹೋಗಿ ನೋಡಿ ಮಕ್ಕಳೇ.

ಸಾಹೇಬರ ಇನ್ನೊಂದು ನಿಯಮ ಹೇಳಿಬಿಡುತ್ತೇನೆ, ಕೆಂಚಮ್ಮನ ಕಥೆಗೆ ಅದೇ ಮೂಲ. ನಮ್ಮ ಇನ್ಸ್‌ಪೆಕ್ಷನ್ ನೋಟಿನ ಕೊನೆಯಲ್ಲಿ ರಿಮಾರ್ಕ್ಸ್ ಎಂಬ ಕಾಲಂ ಇತ್ತು. ಅದು ಖಾಲಿ ಇದ್ದರೆ ಸಾಹೇಬರು ಸಹಿ ಹಾಕುತ್ತಿರಲಿಲ್ಲ. ಏನೂ ತಪ್ಪು ಕಾಣಲಿಲ್ಲ ಎಂದರೆ ನೀವು ಸರಿಯಾಗಿ ನೋಡಿಲ್ಲ ಎಂದೇ ಅರ್ಥ. ಹಾಗಾಗಿ ಎಲ್ಲ ಸರಿ ಇದ್ದ ಕಡೆ ನಾವೆಲ್ಲ ನಿರಪಾಯಕಾರಿಯಾದ ಒಂದು ವಾಕ್ಯ ಬರೆಯುತ್ತಿದ್ದೆವು. ಆವರಣದಲ್ಲಿ ಗಿಡ ನೆಡತಕ್ಕದ್ದು. ಬೋರ್ಡಿಗೆ ಬಣ್ಣ ಹಚ್ಚತಕ್ಕದ್ದು. ಇಂಥವು.

ಗೊರವನಹಳ್ಳಿಗೆ ಹೋಗುವ ಬಸ್ಸಿನ ದಾರಿಯಲ್ಲಿ ಆ ಪನೀರ್ ಫ್ಯಾಕ್ಟರಿ. ಹಾಲು ಒಡೆಸಿ ಪನೀರ್ ಹಿಂಡಿದ ಮೇಲೆ ಹಸಿರು ಬೆರೆತ ಹಳದಿ ನೀರು ಉಳಿಯುತ್ತದೆ. ನೋಡಲು ಸಾಧು. ಹಾಗೇ ಹಳ್ಳಕ್ಕೆ ಬಿಟ್ಟರೆ ಹುಳಿತು ಕೊಳೆತು ಹಳ್ಳದ ಉಸಿರನ್ನೇ ಕಟ್ಟಿಬಿಡುತ್ತದೆ. ಅದಕ್ಕಾಗಿ ಅಲ್ಲಿ ಒಂದು ದೊಡ್ಡ ತೊಟ್ಟಿ. ತಳದಿಂದ ಬ್ಲೋವರ್ ಎಂಬ ಮಿಷಿನ್ ಗಾಳಿ ಊದುತ್ತಿರುತ್ತದೆ. ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಆ ಗಾಳಿಯಲ್ಲಿ ಉಸಿರಾಡುತ್ತಾ ಕೊಳೆಯನ್ನು ತಿನ್ನುತ್ತವೆ. ತೊಟ್ಟಿ ನೋಡಿದರೆ ಕಂದು ಗಸಿ, ಗೋಡೆಗೆಲ್ಲ ಲೋಳೆ. ಗಲೀಜು ಅನ್ನಿಸಬೇಕು, ಹಾಗಿದ್ದರೇ ಆರೋಗ್ಯ. ಅಲ್ಲಿಂದ ತಿಳಿಯಾದ ನೀರು ಹಳ್ಳಕ್ಕೆ ಹೋಗಿ ಪಕ್ಕದ ಊರಿನ ಕುಂಟೆ ಸೇರುತ್ತದೆ. ಕುಂಟೆಯ ನೀರನ್ನು ಊರ ಹಸುಗಳು ಕುಡಿಯುತ್ತವೆ. ಆ ಹಸುಗಳ ಹಾಲು ಮತ್ತೆ ಫ್ಯಾಕ್ಟರಿಗೆ.

ಕೆಂಚಮ್ಮ ಅಲ್ಲಿ ಕಸ ಗುಡಿಸಲು ಸೇರಿದವಳು. ಡಿಪ್ಲೊಮಾ ಓದಿದ್ದ ಆಪರೇಟರ್ ಬೇರೆ ಕಡೆ ಹೋದ. ಹೊಸಬ ಸಿಗುವವರೆಗೆ ತೊಟ್ಟಿ ನೋಡಿಕೊ ಎಂದು ಇವಳಿಗೆ ಹೇಳಿದರು. ತೊಟ್ಟಿ ಎಷ್ಟು ಚೆನ್ನಾಗಿ ನಡೆಯಿತೆಂದರೆ ಹೊಸಬನನ್ನು ಹುಡುಕುವುದನ್ನೇ ಮರೆತರು. ಅವಳದು ಕುರಿ ಸಾಕಿದ ಮನೆ. ಆ ಕಾಣದ ಜೀವಿಗಳಿಗೆ ಅವಳು ಇಟ್ಟ ಹೆಸರು ಮಂದೆ. ಭಾನುವಾರ ಫ್ಯಾಕ್ಟರಿಗೆ ರಜ, ಕೊಳೆ ಬರುವುದಿಲ್ಲ. ಆದರೆ ಅವಳು ಶನಿವಾರವೇ ಡ್ರಮ್ಮಿನಲ್ಲಿ ಪನೀರ್ ನೀರು ಹಿಡಿದಿಟ್ಟು, ಭಾನುವಾರ ಬಂದು ವಸಿ ವಸಿ ಬಿಡುತ್ತಿದ್ದಳು. ಯಾಕಮ್ಮ ಎಂದರೆ, "ಸೋಮ್ವಾರ ಮೇಯ್ಸಿ ಭಾನ್ವಾರ ಉಪಾಸ ಕೆಡವಿದ್ರೆ ಯಾವ್ ಮಂದೆ ನಿಂತೀತು ಮೇಡಮ್ಮೋರೆ?" ಎಂದಳು. ಇದನ್ನು ನಾವು ಇಂಗ್ಲಿಷಿನಲ್ಲಿ ಎರಡು ಚಾಪ್ಟರ್ ಓದಿದ್ದೆವು.

ಅವಳಿಗೆ ನಾನು ಕಲಿಸಿದ್ದು ಒಂದೇ, ಜಾಡಿ ಪರೀಕ್ಷೆ. ತೊಟ್ಟಿಯ ನೀರನ್ನು ಉದ್ದನೆಯ ಗಾಜಿನ ಜಾಡಿಗೆ ತುಂಬಿಸಿ ಅರ್ಧ ಗಂಟೆ ಅಲ್ಲಾಡಿಸದೆ ಇಡಬೇಕು. ಗಸಿ ಚೆನ್ನಾಗಿ ಕೆಳಗೆ ಕೂತು ಮೇಲೆ ನೀರು ತಿಳಿಯಾದರೆ ಮಂದೆ ಚೆನ್ನಾಗಿದೆ ಎಂದರ್ಥ. ಅವಳು ಜಾಡಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿ, ಗಸಿ ಎಲ್ಲಿಗೆ ನಿಲ್ಲಬೇಕೆಂದು ಗುರುತು ಮಾಡಿಕೊಂಡಿದ್ದಳು. ದಿನಾ ನೋಡುತ್ತಿದ್ದಳು. ಹಾಗೆ ದಿನಾ ನೋಡುವ ಆಪರೇಟರ್ ನನಗೆ ಆ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಕ್ಕಲಿಲ್ಲ.

ಆ ವರ್ಷ ದಸರಾಕ್ಕೆ ಸ್ವಲ್ಪ ಮೊದಲು ಅಲ್ಲಿಗೆ ಹೋಗಿ ಬಂದೆ. ಎಲ್ಲ ಸೊಗಸಾಗಿತ್ತು. ಜೀಪಿನಲ್ಲಿ ಕೂತು ನೋಟ್ ಬರೆಯುವಾಗ ರಿಮಾರ್ಕ್ಸ್ ಕಾಲಂ ಬಂತು. ಹನುಮಂತರಾಯಪ್ಪ ಗೇರ್ ಬದಲಿಸುತ್ತಿದ್ದ, ಪೆನ್ ಕುಣಿಯುತ್ತಿತ್ತು, ಹೊಟ್ಟೆ ಹಸಿದಿತ್ತು. ‘ತೊಟ್ಟಿ ಮತ್ತು ಆವರಣವನ್ನು ಸ್ವಚ್ಛವಾಗಿ, ಹೈಜೀನಿಕ್ ಆಗಿ ಇಟ್ಟುಕೊಳ್ಳತಕ್ಕದ್ದು’ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಮುಗಿಸಿದೆ. ಸಾಹೇಬರು ಸಹಿ ಹಾಕಿದರು. ನೋಟಿನ ಒಂದು ಪ್ರತಿ ಆ ಫ್ಯಾಕ್ಟರಿಗೆ ಹೋಯಿತು. ನಾನು ಮರೆತೆ.

ಫ್ಯಾಕ್ಟರಿಯ ಮ್ಯಾನೇಜರ್ ಪ್ರಸನ್ನ ಎಂಬ ಚುರುಕಾದ ಹುಡುಗ. ಅವನು ಮರೆಯಲಿಲ್ಲ, ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದ. ಮುಂದೆ ಆಯುಧಪೂಜೆ. ನಮ್ಮಲ್ಲಿ ಆಯುಧಪೂಜೆ ಎಂದರೆ ಗೊತ್ತಲ್ಲ, ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಅಭ್ಯಂಜನ, ಆಮೇಲೆ ಯಾವ ಮಿಷಿನ್ನೂ ಅವತ್ತು ಓಡುವಂತಿಲ್ಲ, ಅದಕ್ಕೂ ರೆಸ್ಟು. ಪ್ರಸನ್ನ ಈ ಸಲ ತೊಟ್ಟಿಗೂ ಸ್ನಾನ ಮಾಡಿಸಿದ. ಗೋಡೆಯ ಲೋಳೆಯನ್ನೆಲ್ಲ ಕೆರೆಸಿ, ಮೂಟೆ ಬಿಚ್ಚಿ ಬ್ಲೀಚಿಂಗ್ ಪೌಡರ್ ಸುರಿಸಿ, ತಿಕ್ಕಿಸಿ, ಎಲ್ಲವನ್ನೂ ತೊಟ್ಟಿಯೊಳಕ್ಕೇ ತೊಳೆಸಿದ. ಬ್ಲೋವರ್ ನಿಲ್ಲಿಸಿ ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿಸಿದ. ಅಂದರೆ, ಮಂದೆಗೆ ಮೊದಲು ವಿಷ, ಆಮೇಲೆ ಒಂದೂವರೆ ದಿನ ಉಸಿರಿಲ್ಲ. ನಂತರ ಹಬ್ಬದಲ್ಲಿ ನಿಂತಿದ್ದ ಕೊಳೆಯನ್ನೆಲ್ಲ ಒಂದೇ ಸಲಕ್ಕೆ ಬಿಟ್ಟರು. ಹಸುಗಳಿಗೆ ಆಯುಧಪೂಜೆ ಇಲ್ಲವಲ್ಲ, ಹಾಲು ಬರುತ್ತಲೇ ಇತ್ತು.

ವಿಜಯದಶಮಿಯ ಮಾರನೇ ದಿನ ಆಫೀಸಿನಲ್ಲಿ ಸಿಹಿ ಹಂಚುವುದು ವಾಡಿಕೆ, ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಪನೀರ್ ಫ್ಯಾಕ್ಟರಿ ಪಕ್ಕದ ಊರಿನಿಂದ ಫೋನ್ ಬಂತು. ಹಾಗೇ ಜೀಪ್ ಹತ್ತಿದೆ. ಅರ್ಧ ಮೈಲಿ ದೂರಕ್ಕೇ ವಾಸನೆ ಬಡಿಯಿತು. ಗೇಟಿನ ಮುಂದೆ ಹಾಲಿನ ಕ್ಯಾನ್ ಇಟ್ಟುಕೊಂಡು ಊರಿನವರು ಸಾಲಾಗಿ ಕೂತಿದ್ದರು, ಒಬ್ಬರೂ ಹಾಲು ಹಾಕುತ್ತಿಲ್ಲ. ಪುಟ್ಟತಾಯಮ್ಮ ಎಂಬ ಅಜ್ಜಿ ಕುಂಟೆಯ ಕಪ್ಪು ನೀರನ್ನು ಚೊಂಬಿನಲ್ಲಿ ತಂದು ಪ್ರಸನ್ನನ ಮುಂದೆ ಹಿಡಿದಿದ್ದಳು.

"ನಮ್ಮಸ ಮೂಸಿ ನೋಡಿ ಈಚಿಗ್ ಬಂದ್ಬುಡ್ತು ಕಣಪ್ಪ. ಅದ್ಕೇನು ಬುದ್ಧಿ ಐತೆ, ದನ. ನೀನು ಓದಿರೋನು. ಇದ್ರಾಗೆ ಒಂದ್ ಲೋಟ ಕಾಪಿ ಕಾಯಿಸ್ಕಂಡು ಕುಡ್ದು ತೋರ್ಸು, ನಾವು ಆಲು ಆಕ್ತೀವಿ."

ಪ್ರಸನ್ನ ಬೆವರುತ್ತಿದ್ದ. ನನ್ನನ್ನು ಕಂಡವನೇ ಒಳಗೆ ಕರೆದುಕೊಂಡು ಹೋಗಿ, ಆಕ್ಷನ್ ತಗೊಂಡಿದ್ದೀವಿ ಮೇಡಂ ಎಂದ. ಕಸ ಗುಡಿಸುವವಳ ಕೈಗೆ ತೊಟ್ಟಿ ಕೊಟ್ಟದ್ದೇ ತಪ್ಪಾಯಿತು, ನಾಳೆಯಿಂದ ಬರಬೇಡ ಎಂದು ಹೇಳಿದ್ದೇವೆ, ಬೆಂಗಳೂರಿನಿಂದ ಕಂಟ್ರಾಕ್ಟರ್ ಬರುತ್ತಾರೆ, ಎಂದು ಉಸಿರು ಬಿಡದೆ ಹೇಳಿದ.

ಕೆಂಚಮ್ಮ ತೊಟ್ಟಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ಜಾಡಿ. ಅದರಲ್ಲಿ ಬೂದು ಬಣ್ಣದ ನೀರು ಮೇಲಿಂದ ಕೆಳಗೆ ಒಂದೇ ಸಮ, ಏನೂ ಕೆಳಗಿಳಿದಿರಲಿಲ್ಲ. ನನ್ನನ್ನು ನೋಡಿ ಏಳಲೂ ಇಲ್ಲ.

"ಮಂದೆಗೆ ನಾನೇ ಇಸ ಆಕ್ದೆ ಮೇಡಮ್ಮೋರೆ" ಎಂದಳು.

ನಿನಗೆ ಗೊತ್ತಿರಲಿಲ್ಲವೇನಮ್ಮ, ಬ್ಲೀಚಿಂಗ್ ಹಾಕಬಾರದು ಅಂತ, ಎಂದು ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

"ಗೊತ್ತಿತ್ತು. ಬ್ಯಾಡ ಸಾರ್ ಅಂದೆ. ಸಾರು ಕಾಗ್ದ ತೋರ್ಸುದ್ರು, ಬಾಟ್ಲಿ ಮೇಡಮ್ಮೇ ಬರ್ದವ್ರೆ ನೋಡು ಅಂದ್ರು. ಮೇಡಮ್ಮೋರು ಬರ್ದವ್ರೆ ಅಂದ್ಮೇಲೆ ಏನೋ ಇರ್ತದೆ, ನಂಗೇನ್ ಗೊತ್ತು ಅಂದ್ಕಂಡು ನಾನೇ ತಿಕ್ಕಿದೆ."

ಸ್ಯಾಂಪಲ್ ತೆಗೆಯಲು ಬಗ್ಗಿದಾಗ ಸೀರೆಯ ನೆರಿಗೆ ತೊಟ್ಟಿಗೆ ಬಿದ್ದದ್ದು ಆಗಲೇ.

ಆಫೀಸಿಗೆ ಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಅವರು ನನ್ನ ಹಳೆಯ ನೋಟನ್ನು ಎರಡು ಸಲ ಓದಿ, ಬ್ಲೀಚಿಂಗ್ ಹಾಕಿ ಎಂದು ನೀವು ಬರೆದಿಲ್ಲವಲ್ಲ ಎಂದರು. ಕಾಗದದ ಪ್ರಕಾರ ನಾನು ಸೇಫ್. ಆದರೆ ಕಾಗದದ ಪ್ರಕಾರ ಕೆಂಚಮ್ಮ ಎಂಬ ಆಪರೇಟರ್ರೇ ಆ ಫ್ಯಾಕ್ಟರಿಯಲ್ಲಿ ಇರಲಿಲ್ಲ. ಅವಳ ಹೆಸರಿನ ಮುಂದೆ ಹೌಸ್‌ಕೀಪಿಂಗ್ ಎಂದಿತ್ತು. ತೆಗೆದು ಹಾಕುವುದು ಎಷ್ಟು ಸಲೀಸು ನೋಡಿ. ನಾನು ರಿಪೋರ್ಟಿನಲ್ಲಿ, ಕಾಲಂ ತುಂಬಲೆಂದು ನೋಡದೆ ಬರೆದ ನನ್ನ ವಾಕ್ಯವೇ ಇದಕ್ಕೆ ಕಾರಣ, ಆಪರೇಟರ್ ಬೇಡವೆಂದಿದ್ದಳು, ಎಂದು ಬರೆದು, ಹಳೆಯ ನೋಟಿನ ಪ್ರತಿಯನ್ನೂ ಲಗತ್ತಿಸಿ ಟೇಬಲ್ ಮೇಲಿಟ್ಟೆ.

"ರಿಟೈರ್ಮೆಂಟಿಗೆ ಇನ್ನೆಷ್ಟು ತಿಂಗಳಿದೆ ತಾಯಿ ನಿಮಗೆ?" ಎಂದರು ಸಾಹೇಬರು. "ಸುಮ್ಮನೆ ಇರಬಾರದಾ?"

ಸುಮ್ಮನೆ ಇರುವುದನ್ನು ಕಲಿಯುವ ವಯಸ್ಸು ದಾಟಿತು ಸರ್ ಎಂದೆ. ಅವರು ಫ್ಯಾನ್ ನೋಡಿದರು, ಕಿಟಕಿ ನೋಡಿದರು. ಕಾಲಂ ಖಾಲಿ ಬಿಡಬಾರದು ಎಂದು ಹೇಳಿದವನು ನಾನಲ್ಲವಾ ಎಂದು ಗೊಣಗಿ, ಸಹಿ ಹಾಕಿದರು. ಫ್ಯಾಕ್ಟರಿಗೆ ಹದಿನೈದು ದಿನ ಟೈಮ್. ಅಲ್ಲಿಯವರೆಗೆ ಒಂದು ಹನಿಯೂ ಹಳ್ಳಕ್ಕೆ ಬಿಡುವಂತಿಲ್ಲ. ಹದಿನೈದನೇ ದಿನದ ಸ್ಯಾಂಪಲ್ ಪಾಸಾದರೆ ಸರಿ, ಇಲ್ಲದಿದ್ದರೆ ಬೀಗ. ಪತ್ರ ಓದಿದ ಮಾಲೀಕರು ಪ್ರಸನ್ನನಿಗೆ ಫೋನಿನಲ್ಲಿ ಹೇಳಿದರಂತೆ: ಆ ಹೆಂಗಸು ಹದಿನೈದು ದಿನ ಇರಲಿ, ಪಾಸಾದರೆ ಅವಳೇ ಮುಂದುವರಿಯಲಿ, ಫೇಲಾದರೆ ಕಳಿಸಿಬಿಡಿ.

ಅಲ್ಲಿಂದ ಮುಂದಿನ ಹದಿನೈದು ದಿನ ನನ್ನ ಸರ್ವಿಸಿನಲ್ಲೇ ಹೆಚ್ಚು ನಕ್ಕ ದಿನಗಳು ಎಂದರೆ ನೀವು ನಂಬಬೇಕು. ಹಳ್ಳಕ್ಕೆ ಹನಿಯೂ ಬಿಡುವುದಿಲ್ಲ ಎಂದಮೇಲೆ ಊರಿನವರು ಮತ್ತೆ ಹಾಲು ಹಾಕಿದರು, ಆದರೆ ಫ್ಯಾಕ್ಟರಿಯವರು ಪನೀರ್ ಅರ್ಧಕ್ಕೆ ಇಳಿಸಿದರು. ಉಳಿದ ಪನೀರ್ ನೀರನ್ನು ದನ ಸಾಕುವವರು ಹಿಂಡಿಗೆ ಕಲಸಲು ಒಯ್ದರು. ಸತ್ತ ಗಸಿ ತೆಗೆಸಿ ಹೊಸ ಮಂದೆ ಕಟ್ಟಬೇಕು. ಅದಕ್ಕೆ ಹಸಿ ಸಗಣಿ ಕಲಸಿ ಗೋಣಿಚೀಲದಲ್ಲಿ ಸೋಸಿ ಬಿಡುವುದು ಹಳೆಯ ಉಪಾಯ. ಕೆಂಚಮ್ಮ ಊರಿಗೆ ಹೋಗಿ ಕೇಳಿದಳು. ಬೈಯುತ್ತಲೇ ಮೊದಲನೇ ಪುಟ್ಟಿ ಹೊತ್ತು ತಂದವಳು ಪುಟ್ಟತಾಯಮ್ಮ. "ಆಲೂ ನಮ್ದೇ, ಸಗಣೀನೂ ನಮ್ದೇ, ಮಜಾ ಮಾಡಾಕೆ ನೀವು" ಎಂದು ಪ್ರಸನ್ನನ ಪಾಲಿಶ್ ಮಾಡಿದ ಶೂ ಪಕ್ಕದಲ್ಲೇ ಇಳಿಸಿದಳು.

ಸಗಣಿಯೊಂದರಿಂದಲೇ ಆಗುವುದಿಲ್ಲ, ಟೈಮ್ ಸಾಲದು. ಚೆನ್ನಾಗಿ ನಡೆಯುತ್ತಿರುವ ಬೇರೆ ತೊಟ್ಟಿಯ ಜೀವಂತ ಗಸಿ ಬೇಕು. ಶಿರಾದಿಂದ ಬರಗೂರಿಗೆ ಹೋಗುವ ರಸ್ತೆಯಲ್ಲಿ ಒಂದು ಹಾಲಿನ ಘಟಕ ಇತ್ತು, ಅವರು ಕೊಡಲು ಒಪ್ಪಿದರು. ಪ್ರಸನ್ನ ಟ್ಯಾಂಕರ್ ಗೊತ್ತು ಮಾಡಿದ. ಮುಂದೆ ಟ್ಯಾಂಕರ್, ಡ್ರೈವರ್ ಪಕ್ಕದಲ್ಲಿ ಕೆಂಚಮ್ಮ. ಹಿಂದೆ ಜೀಪಿನಲ್ಲಿ ನಾನು, ಹನುಮಂತರಾಯಪ್ಪ. ಹೆಣ್ಣು ಕರೆದುಕೊಂಡು ಬರುವ ದಿಬ್ಬಣದ ಹಾಗೆ. ಮಧುಗಿರಿ ಹತ್ತಿರ ಬೆಟ್ಟ ಕಾಣುವ ಜಾಗದಲ್ಲಿ ಟ್ಯಾಂಕರ್ ಡ್ರೈವರ್ ಟೀಗೆ ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಬಿಂದಿಗೆ ಹಿಡಿದುಕೊಂಡು ಓಡಿ ಬಂದರು. ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನ ಆಗಿತ್ತಂತೆ. ಸಾಲು ನಿಂತೇ ಬಿಟ್ಟಿತು, ಯಾರು ಮೊದಲು ಎಂದು ಜಗಳವೂ ಶುರುವಾಯಿತು. ಇದು ಕುಡಿಯುವ ನೀರಲ್ಲ ಎಂದು ನಾನು ನನ್ನ ಪುಸ್ತಕದ ಕನ್ನಡದಲ್ಲಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಂಚಮ್ಮ ಕೆಳಗಿಳಿದು ಟ್ಯಾಂಕರಿನ ನಲ್ಲಿಯ ಮುಂದೆ ಅಡ್ಡ ನಿಂತಳು. "ಇದು ನೀರಲ್ಲ ಕಣ್ರಕ್ಕ, ನಮ್ ಮಂದೆ. ಬಿಂದ್ಗೇಗೆ ಇಡುದ್ರೆ ನಿಮ್ಮನೆ ಎಲ್ಲಾ ಮೇಯ್ದ್ಬುಡ್ತವೆ" ಎಂದು ನಲ್ಲಿ ಒಂದು ಚೂರು ತಿರುಗಿಸಿ ತೋರಿಸಿದಳು. ಸಾಲು ಕರಗಿತು. ಆಮೇಲೆ ಡ್ರೈವರ್ ಕಡೆ ತಿರುಗಿ, "ಟೀ ಆಮ್ಯಾಕ್ ಕುಡಿಯಣ್ಣ, ಒಳಗೆ ಉಸ್ರು ಕಟ್ತಾ ಐತೆ ಅವುಕ್ಕೆ" ಎಂದು ಲೋಟವನ್ನು ಅವನ ಕೈಯಿಂದ ತೆಗೆದು ಅಂಗಡಿಯವನಿಗೆ ವಾಪಸ್ ಕೊಟ್ಟಳು. "ಏಂದಿ ಈ ಯಮ್ಮ" ಎಂದು ಹನುಮಂತರಾಯಪ್ಪ ತನ್ನ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದ. ಬಾಯಿ ಸುಟ್ಟುಕೊಂಡ.

ಆರೇಳು ದಿನ ಏನೂ ಕಾಣಲಿಲ್ಲ. ತೊಟ್ಟಿಯ ಮೇಲೆ ಬಿಳಿ ನೊರೆ, ಜಾಡಿಯಲ್ಲಿ ಬೂದು. ಪ್ರಸನ್ನ ಒಂದು ದಿನ ಕಂಟ್ರಾಕ್ಟರಿಗೆ ಫೋನ್ ಮಾಡುತ್ತಿದ್ದುದು ಕೆಂಚಮ್ಮನ ಕಿವಿಗೂ ಬಿತ್ತು, ನನಗೂ ಬಿತ್ತು. ಅವಳು ಗೋಣಿಚೀಲ ಹಿಂಡುತ್ತಲೇ ಇದ್ದಳು. ಆಮೇಲೆ ಒಂದು ಬೆಳಿಗ್ಗೆ ಅವಳೇ ನನಗೆ ಫೋನ್ ಮಾಡಿದಳು. "ಬಣ್ಣ ತಿರುಗ್ತು ಮೇಡಮ್ಮೋರೆ. ವಾಸ್ನೇನೂ ಮಣ್ಣಿನ್ ವಾಸ್ನೆ ಬತ್ತಾ ಐತೆ." ಮಳೆ ಬಿದ್ದ ನೆಲದ ವಾಸನೆ ಬರುವ ತೊಟ್ಟಿ ಬದುಕಿದ ತೊಟ್ಟಿ. ಯಾವ ಸೆನ್ಸರ್ರೂ ಇದನ್ನು ಫೋನಿಗೆ ಕಳಿಸುವುದಿಲ್ಲ.

ಹದಿನೈದನೇ ದಿನ ಸ್ಯಾಂಪಲ್. ಗಾಳಿಗುಳ್ಳೆ ಒಂದೂ ಇರದ ಹಾಗೆ ಕತ್ತಿನವರೆಗೂ ತುಂಬಿಸಿ, ಐಸಿನಲ್ಲಿಟ್ಟು ತಂದೆ. ಇಲ್ಲಿ ಒಂದು ಮಾತು ನೆನಪಿಡಿ. ನನ್ನ ಮನಸ್ಸು ಒಂದು ಕಡೆ ವಾಲಿತ್ತು, ಹಾಗಾಗಿ ಆ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಬಾಟಲಿಗೆ ಬರೀ ನಂಬರ್ ಹಾಕಿ, ಯಾವ ಫ್ಯಾಕ್ಟರಿಯದೆಂದು ಹೇಳದೆ ಸಹೋದ್ಯೋಗಿಗೆ ಕೊಟ್ಟೆ. ನೀರಿನಲ್ಲಿ ಉಳಿದ ಕೊಳೆ ತಿನ್ನಲು ಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ನೋಡುವ ಪರೀಕ್ಷೆ ಅದು. ನಾನು ಸೇರಿದಾಗ ಐದು ದಿನ ಕಾಯಬೇಕಿತ್ತು, ಆಮೇಲೆ ಮೂರು ದಿನವಾಯಿತು. ಈ ಮೂರು ದಿನ ಆ ಐದಕ್ಕಿಂತ ಉದ್ದವಿತ್ತು. ನಾನು ಲ್ಯಾಬಿನ ಬಾಗಿಲ ಹತ್ತಿರ ಎಷ್ಟು ಸಲ ಸುಳಿದೆನೆಂದರೆ, ಸಹೋದ್ಯೋಗಿ, ಮೇಡಂ ಒಳಗೆ ಯಾರಾದರೂ ಹೆರಿಗೆಗೆ ಸೇರಿದ್ದಾರಾ ಎಂದು ಕೇಳಿದರು. ಮೂರನೇ ದಿನ ನಂಬರ್ ಬರೆದ ಚೀಟಿ ಕೈಗೆ ಬಂತು. ಮಿತಿಯ ಒಳಗೆ. ಬಹಳ ಒಳಗೇನೂ ಅಲ್ಲ, ಒಳಗೆ.

ಮಾರನೇ ದಿನ ನಾನೇ ರಿಪೋರ್ಟ್ ತೆಗೆದುಕೊಂಡು ಹೋದೆ. ಅವತ್ತು ಕಾಟನ್ ಸೀರೆ. ಮಾಲೀಕರಿಗೆ ಪ್ರಸನ್ನ ಆಗಲೇ ಫೋನ್ ಮಾಡಿ ತಿಳಿಸಿದ್ದ. ಹೊಸ ಲೆಟರ್ ಟೈಪ್ ಮಾಡಿಸಿಕೊಂಡು ನನ್ನ ಜೊತೆ ತೊಟ್ಟಿಯ ಹತ್ತಿರ ಬಂದ. ಲೆಟರಿನಲ್ಲಿ ಹೌಸ್‌ಕೀಪಿಂಗ್ ಇರಲಿಲ್ಲ, ಆಪರೇಟರ್ ಎಂದಿತ್ತು. ಅವಳನ್ನು ಕೇಳದೆ ತೊಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ ಎಂಬ ಒಂದು ಸಾಲೂ ಇತ್ತು. ಆ ಸಾಲು ಸೇರಿಸಿದ್ದು ತಾನೇ ಎಂದು ಅವನು ನನಗೆ ಮೆಲ್ಲಗೆ ಹೇಳಿದ. ಹುಡುಗ ಕೆಟ್ಟವನಲ್ಲ.

ಕೆಂಚಮ್ಮ ಜಾಡಿ ತುಂಬಿಸಿ ಕಟ್ಟೆಯ ಮೇಲಿಟ್ಟು ಮುಂದೆ ಕೂತಿದ್ದಳು.

"ಕೆಂಚಮ್ಮ, ಪಾಸಾಯ್ತು. ನಿಮ್ಮ ಲೆಟರ್ ತಗೊಳ್ಳಿ" ಎಂದ ಪ್ರಸನ್ನ. ಅವಳಿಗೆ ಅವನು ಬಹುವಚನ ಹಚ್ಚಿದ್ದು ಅದೇ ಮೊದಲು ಇರಬೇಕು.

ಅವಳು ತಿರುಗದೆ ಕೈ ಎತ್ತಿ ಅವನನ್ನು ತಡೆದಳು. "ಕಟ್ಟೆ ಒದೀಬ್ಯಾಡಿ ಸಾರ್, ಅಲ್ಲಾಡ್ತದೆ. ಇನ್ನೂ ಅತ್ ನಿಮ್ಸ ಐತೆ. ಕುಂತ್ಕಳಿ."

ಪ್ರಸನ್ನ ನನ್ನ ಮುಖ ನೋಡಿದ. ನಾನು ಒಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತೆ. ಅವನು ಇನ್ನೊಂದರ ಮೇಲೆ ಕೂತು, ಲೆಟರನ್ನು ಮಡಿಲಲ್ಲಿಟ್ಟುಕೊಂಡ. ಮೂವರೂ ಜಾಡಿಯನ್ನೇ ನೋಡುತ್ತಿದ್ದೆವು. ಕಂದು ಗಸಿ ಯಾವ ಅವಸರವೂ ಇಲ್ಲದೆ ಕೆಳಗೆ ಇಳಿಯುತ್ತಿತ್ತು.